ಒಂದು ಮನೆಗೆ ಒಂದೇ ಡಬ್ಬಿ

ಅಕ್ಕನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಮೂಗಿನ ತುದಿ. ಆ ಬೆಳಿಗ್ಗೆ ಆಸ್ಪತ್ರೆಯ ಹೃದ್ರೋಗ ಸಂಶೋಧನೆಯ ಕೋಣೆಯಲ್ಲಿ ಅದು ಕೆಂಡವಾಗಿತ್ತು. ಪಕ್ಕದ ಕುರ್ಚಿಯಲ್ಲಿ ತಂಗಿ ಏದುಸಿರನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು.

ಅಮ್ಮನಿಂದ ಇಬ್ಬರಿಗೂ ಬಂದ ಆಸ್ತಿಯೆಂದರೆ ಸೋತ ಹೃದಯ. ಆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯವರು ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದರು. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಕೊಡುವ ಡಾಕ್ಟರಮ್ಮನಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಹಾಗಿದ್ದರೇನೇ ಪರೀಕ್ಷೆಗೆ ಮರ್ಯಾದೆ ಎಂದು ಆಕೆ ತಿಳಿಸಿ ಹೇಳಿದ್ದರು. ಅಕ್ಕ ಗೋಣು ಆಡಿಸಿದ್ದಳು. ಆದರೆ ಬರಬರುತ್ತ ಅವಳ ಕಾಲಿನ ಬಾವು ಇಳಿಯಿತು, ತಂಗಿಯದು ಇಳಿಯಲಿಲ್ಲ. ತನ್ನದು ಮದ್ದು, ತಂಗಿಯದು ಹಿಟ್ಟು ಎಂದುಕೊಳ್ಳಲು ಇಷ್ಟು ಸಾಕಿತ್ತು. ಮನೆಯಲ್ಲಿ ಇಬ್ಬರ ಮಾತ್ರೆಯನ್ನೂ ನೀರಿನ ಲೋಟದ ಪಕ್ಕ ಇಡುವವಳು ಅಕ್ಕನೇ. ಯಾರಿಗೂ ಹೇಳದೆ ದಿನ ಬಿಟ್ಟು ದಿನ ಡಬ್ಬಿ ಅದಲುಬದಲು ಮಾಡತೊಡಗಿದಳು. ಒಡಹುಟ್ಟಿದ ಮೇಲೆ ಇದ್ದದ್ದರಲ್ಲಿ ಸಮಪಾಲು. ಕೊನೆಗೆ ರಕ್ತಪರೀಕ್ಷೆ ಚಾಡಿ ಹೇಳಿತು: ಇಬ್ಬರ ಮೈಯಲ್ಲೂ ಮದ್ದು ಅರೆಬರೆ.

ಡಾಕ್ಟರಮ್ಮ ಕೂಗಾಡಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ, ವರ್ಷಗಟ್ಟಲೆಯ ಕೆಲಸಕ್ಕೆ ಹುಳಿ ಹಿಂಡಿದಿರಿ ಎಂದರು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದ್ದು ನೀವು," ಎಂದಳು ಅಕ್ಕ. "ನಾನು ಒರೆಸಿದೆ, ಅಷ್ಟೇ."

"ಅದು ಬೆಣ್ಣೆ ಅಂತ ಯಾರು ಹೇಳಿದ್ರಮ್ಮಾ ನಿಮಗೆ? ಬಾವು ಇಳಿಸಿ, ನಾಳೆ ಹೃದಯಾನೇ ನಿಲ್ಲಿಸಿಬಿಟ್ರೆ? ಅದು ತಿಳಿಯೋಕೇ ಅಲ್ವಾ ಇಷ್ಟು ಪಾಡು?"

 ಅಕ್ಕನ ಮೂಗಿನ ತುದಿ ಇನ್ನೂ ಕೆಂಪೇರಿತು.

ಮೇಲಿನವರು ತೀರ್ಮಾನಿಸಿಯಾಗಿತ್ತು: ಒಂದು ಮನೆಯಿಂದ ಇನ್ನು ಒಬ್ಬರೇ. ಇನ್ನೊಬ್ಬರು ಹಳೆಯ ಔಷಧಿಯಲ್ಲೇ ದಿನ ನೂಕಬೇಕು. ಪರೀಕ್ಷೆಯಲ್ಲಿ ಉಳಿಯುವವರು ಯಾರು, ನೀವೇ ಹೇಳಿ ಎಂದರು ಡಾಕ್ಟರಮ್ಮ.

ತಂಗಿ ಇರಲಿ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ತಂಗಿ ಉಳಿದರೆ ಅವಳಿಗೆ ಸಿಗುವುದು ಅವಳದೇ ಡಬ್ಬಿ, ಅದೇ ಹಿಟ್ಟು. ತಾನು ಉಳಿದರೆ ಮಾತ್ರ ಮದ್ದು ಮನೆಗೆ ಬರುತ್ತದೆ. ಬಂದದ್ದನ್ನು ಯಾರ ಲೋಟದ ಪಕ್ಕ ಇಡಬೇಕೆಂದು ಅವಳಿಗೆ ಗೊತ್ತು.

"ನಾನಿರ್ತೀನಿ," ಎಂದಳು.

ಇಂಥ ಅಕ್ಕಂದಿರೂ ಇರುತ್ತಾರೆಯೇ ಎಂಬಂತೆ ಡಾಕ್ಟರಮ್ಮ ನೋಡಿದರು. ಅಕ್ಕನ ಹೆಸರಿನ ಹೊಸ ಡಬ್ಬಿ ತಂದು ಮೇಜಿನ ಮೇಲಿಟ್ಟರು.

ತಂಗಿ ನಕ್ಕಳು, ಕೆಟ್ಟ ನಗು. ಅದಲುಬದಲಿನ ಸುದ್ದಿ ಅವಳ ಕಿವಿಗೆ ಬಿದ್ದದ್ದೇ ಈ ಕುರ್ಚಿಯಲ್ಲಿ ಕೂತ ಮೇಲೆ.

"ನಿನ್ನ ಆಯಸ್ಸು ಹರಿದು ನನ್ನ ಬಾಯಿಗೆ ತುರುಕೋವಾಗ ಒಂದು ಮಾತು ಕೇಳಿದ್ಯೇನೇ? ನಾನೇನು ನೀನು ಸಾಕಿದ ಬೆಕ್ಕಾ? ಈಗ ಇಡೀ ಡಬ್ಬೀನೇ ನನಗೆ ತಿನ್ನಿಸೋ ಹುನ್ನಾರ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ ನನಗೆ?"

ಡಬ್ಬಿ ತೆರೆದು ಒಂದು ಮಾತ್ರೆಯನ್ನು ಅಕ್ಕನ ತುಟಿಗೆ ಒತ್ತಿ ಹಿಡಿದಳು. "ನುಂಗು. ನನ್ನ ಕಣ್ಣೆದುರಿಗೆ."

ಡಾಕ್ಟರಮ್ಮ ಅರ್ಧ ಎದ್ದವರು ಹಾಗೆಯೇ ಕೂತರು. ಅಕ್ಕ ನುಂಗಿದಳು. ನಂಬದ ತಂಗಿ ನಾಲಿಗೆ ಎತ್ತಿಸಿ ನೋಡಿದಳು. ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಇನ್ನು ದಿನಾ ಕೊಡುವವಳು ತಾನೇ, ತನ್ನ ಹೆಸರು ಹೊಡೆದುಹಾಕಿ ಎಂದು ಡಾಕ್ಟರಮ್ಮನಿಗೆ ಹೇಳಿ ಹೊರಟಳು.

ಆಸ್ಪತ್ರೆಯ ಓಣಿಯಂಥ ಉದ್ದ ದಾರಿಯ ಅರ್ಧದಲ್ಲೇ ಅವಳಿಗೆ ಉಸಿರು ಕಟ್ಟಿತು. ಅಕ್ಕ ಕೈ ಚಾಚಿದಳು. ತಂಗಿ ಅದನ್ನು ತಳ್ಳಿ, ಗೋಡೆ ಹಿಡಿದು ನಡೆದಳು.