ನಿಂತ ಜೀಪ್ನಿ ಓಡಿದ್ದು

"ನಿಂತ ಗಾಡಿ ಥರ ಕಂಡ್ರೆ ನನ್ನ ಜೀಪ್ನೀನ ಸಿನಿಮಾಕ್ಕೆ ಕೊಡಲ್ಲ. ಈಗ್ಲೇ ಹೇಳ್ಬಿಟ್ಟೆ," ಅಂದರು ಮುದಿ ಡ್ರೈವರ್ ಮಾಂಗ್ ತೆಮ್ಯೊಂಗ್, ಸ್ಟೇರಿಂಗ್ ಹಿಡಿದು ಕೂತಲ್ಲಿಂದಲೇ.

ಎದುರುಬದುರು ಬೆಂಚುಗಳಲ್ಲಿ ಜನರನ್ನು ತುಂಬಿಕೊಂಡು ಊರೆಲ್ಲ ಓಡುತ್ತಿದ್ದ ಆ ಬಾಡಿಗೆ ಗಾಡಿಯ ಇಂಜಿನ್ನು ಸತ್ತು ಎಷ್ಟೋ ಕಾಲವಾಗಿತ್ತು. ಸಂಜೆಗೆ ಅದನ್ನು ಒಯ್ಯಲು ಗುಜರಿಯ ಲಾರಿ ಬರುವುದಿತ್ತು. ಅಷ್ಟರೊಳಗೆ ಮಲಬೋನ್ ಊರಿನಲ್ಲಿ ಅದು ನಿಂತಿದ್ದ ಷೆಡ್ಡಿಗೆ ಕಪ್ಪು ಬಟ್ಟೆ ಹೊದಿಸಿ, ಹಗಲನ್ನು ರಾತ್ರಿ ಮಾಡಿ, ಕ್ಯಾಮೆರಾದ ಕಣ್ಣಿಗೆ ಅದನ್ನು ಓಡಿಸಬೇಕಿತ್ತು. ನಿರ್ದೇಶಕಿ ದಿತಾಸಳ ಕಿರುಚಿತ್ರದಲ್ಲಿ ಉಳಿದಿದ್ದು ಅದೊಂದೇ ದೃಶ್ಯ: ಮೀನಿನ ಮಾರ್ಕೆಟ್ಟಿನ ಹೆಂಗಸೊಬ್ಬಳು ಕೆಲಸ ಮುಗಿಸಿ ಮನೆಗೆ ಹೋಗುವುದು.

"ಚಕ್ರ ತಿರುಗಲ್ಲ. ದೀಪ ತಿರುಗಿಸು, ಚಾರಿಂಗಕ್ಕಾ," ಅಂದಳು ದಿತಾಸ್, ಬೆಳಕಿನ ಕೆಲಸ ನೋಡಿಕೊಳ್ಳುತ್ತಿದ್ದ ನನಗೆ.

ನನ್ನ ಹತ್ತಿರ ಇದ್ದದ್ದು ಒಂದು ಎಲ್‌ಇಡಿ ಚಾಪೆ. ಟವೆಲ್ಲಿನ ಹಾಗೆ ಮಡಚಬಹುದು, ಬಾಳೆಯೆಲೆಯಷ್ಟು ಹಗುರ, ಬ್ಯಾಟರಿ ಸಾಕು, ಕೈ ಸುಡುವುದಿಲ್ಲ. ಅದನ್ನು ಜೀಪ್ನಿಯ ಸೂರಿಗೆ ಅಂಟಿಸಿ, ಬೆಳಕನ್ನು ಏರಿಸಿ ಇಳಿಸಿ ನೋಡಿದೆ.

"ಕರೆಂಟು ಹೋಗಿ ಬಂದಂಗಿದೆ," ಅಂದಳು ದಿತಾಸ್. ಅಷ್ಟರಲ್ಲಿ ಸೆಕೆಗೆ ಟೇಪು ಬಿಟ್ಟು ಚಾಪೆ ನಟಿ ನೆನಿಂಗಳ ತಲೆಯ ಮೇಲೇ ಬಿತ್ತು.

"ಮುಸುಕು ಹೊದಿಸಿದೆಯಲ್ಲ, ಮದುವೇನೂ ಮಾಡ್ಸು!" ಅಂದಳು ಅವಳು.

ನಗುತ್ತಲೇ ಹಿಂಬದಿಗೆ ಹೋಗಿ ಕೂತೆ. ಮುಂದೆ ಡ್ರೈವರ್ ಹತ್ತಿರ ಕಟ್ಟಿಸಿ ನೋಡೋಣವೆಂದು, ಉರಿಯುತ್ತಿದ್ದ ಚಾಪೆಯನ್ನು ಪಕ್ಕದವರ ಕೈಗಿಟ್ಟೆ. ಪ್ರಯಾಣಿಕರ ಪಾತ್ರಕ್ಕೆ ಬಂದಿದ್ದವರೆಲ್ಲ ಅದೇ ಬೀದಿಯವರು. "ಚಾರ್ಜು, ಮುಂದಕ್ಕೆ ಕೊಡಿ!" ಅಂತ ಒಬ್ಬರು ಕೂಗಿದ್ದೇ, ಜೀಪ್ನಿಯಲ್ಲಿ ಡ್ರೈವರಿಗೆ ಪ್ರಯಾಣದ ದುಡ್ಡು ದಾಟಿಸುವ ಹಾಗೆ ಚಾಪೆ ಕೈಯಿಂದ ಕೈಗೆ ಹೊರಟಿತು. ಮಾಂಗ್ ತೆಮ್ಯೊಂಗ್ ತಿರುಗಿಯೂ ನೋಡದೆ, ಹೆಗಲ ಮೇಲಿಂದ ಅಂಗೈ ಹಿಂದಕ್ಕೆ ಚಾಚಿ ಇಸಿದುಕೊಂಡರು.

"ಓಡ್ತು! ಓಡ್ತು!" ದಿತಾಸ್ ಕಿರುಚಿದಳು. ನೆನಿಂಗಳ ಮುಖದ ಮೇಲೆ ಬೀದಿದೀಪ ಹಾದುಹೋದಂತೆ ಬೆಳಕು ಸರಿದಿತ್ತು. ಹಾಗೇ ಒಂದು ಸಲ ಚಿತ್ರೀಕರಿಸಿ ಎಲ್ಲರೂ ಕ್ಯಾಮೆರಾದ ಪರದೆಗೆ ಮುತ್ತಿದೆವು.

ಮಾಂಗ್ ತೆಮ್ಯೊಂಗ್ ಹುಬ್ಬು ಗಂಟಿಕ್ಕಿದರು. "ರಿವರ್ಸ್ ಹೋಗ್ತಿದೆಯಲ್ರೀ! ನನ್ನ ಜನ್ಮದಲ್ಲೇ ಇಷ್ಟು ದೂರ ಹಿಂದಕ್ಕೆ ಹೋಗಿಲ್ಲ!"

ನಿಜ. ಓಡುವ ಗಾಡಿಯಲ್ಲಿ ದೀಪಗಳು ಮುಂದಿನಿಂದ ಹಿಂದಕ್ಕೆ ಸರಿಯಬೇಕು. ದಿತಾಸಳ ಮುಖ ಸಪ್ಪಗಾಯಿತು. ಹೊರಗೆ ಬೀದಿ ತುದಿಯಲ್ಲಿ ಲಾರಿಯ ಹಾರನ್ ಕೇಳಿಸಿತು.

"ಲಾರಿಯವನು ಕಾಯಲಿ," ಅಂದೆ. "ಮಾಂಗ್ ತೆಮ್ಯೊಂಗ್, ಚಾರ್ಜು ಇಸ್ಕೊಂಡ್ರಿ. ಚಿಲ್ಲರೆ ಯಾರು ಕೊಡ್ತಾರೆ?"

ಮುದುಕರ ಕಣ್ಣು ಅರಳಿತು.

ಆರಿಸಿದ ಚಾಪೆ ಚಾರ್ಜಾಗಿ ಮೊಣಕಾಲುಗಳ ಕೆಳಗಿಂದ ಮುಂದಕ್ಕೆ ಹೋಯಿತು. ಅದೇ ಚಾಪೆ ಉರಿಯುತ್ತ, ಚಿಲ್ಲರೆಯಾಗಿ, ನೆನಿಂಗಳ ಎದುರಿನ ಬೆಂಚಿನವರ ಕೈಗಳಲ್ಲಿ ಹಿಂದಕ್ಕೆ ಬಂತು. ಮತ್ತೆ ಚಾರ್ಜು, ಮತ್ತೆ ಚಿಲ್ಲರೆ. ನಾನು ಅದನ್ನು ಹೊತ್ತಿಸಿ ಆರಿಸುವ ರಿಮೋಟಿನ ಗುಂಡಿ ತಿರುಗಿಸುತ್ತ ಕೂತೆ. ಒಂದು ದೀಪಕಂಬ ಹೋಯಿತು, ಇನ್ನೊಂದು, ಮತ್ತೊಂದು. ನೆನಿಂಗ್ ತೂಕಡಿಸಿದಳು, ಎಚ್ಚೆತ್ತಳು, ತನ್ನ ಬೀದಿಯ ಗುರುತು ಹಿಡಿದವಳಂತೆ ಹೊರಗೆ ನೋಡಿದಳು. ಸೂರಿಗೆ ಬೆರಳ ಗೆಣ್ಣಿನಿಂದ ತಟ್ಟಿದಳು.

"ಇಲ್ಲೇ ನಿಲ್ಸಿ."

ಮಾಂಗ್ ತೆಮ್ಯೊಂಗ್ ಬ್ರೇಕ್ ಒತ್ತಿದರು. ಸತ್ತ ಜೀಪ್ನಿಯೊಳಗೆ, ಯಾರೂ ಹೇಳಿಕೊಡದಿದ್ದರೂ, ಅಷ್ಟೂ ಜನ ಒಟ್ಟಿಗೇ ಮುಂದಕ್ಕೆ ಮುಗ್ಗರಿಸಿದರು. ನಾನೂ.