ರುಖವತದ ಕಾರು

ಬಣ್ಣ ಹೊಡೆಯುವ ಗನ್ನನ್ನು ಕೆಳಗಿಟ್ಟು ಚಂದ್ರಾಮ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮಗುಚಿ ಹಾಕಿದ ಡಬ್ಬಿಯ ಮೇಲೆ ಗೇಣುದ್ದದ ಪ್ಲಾಸ್ಟಿಕ್ ಕಾರು ಬೆಳಗಿನ ಬಿಸಿಲಿಗೆ ಕೆಂಪಗೆ ಮಿಂಚುತ್ತಿತ್ತು. ನಿನ್ನೆಯವರೆಗೆ ಬಾಗಿಲಿನ ಬಳಿ ಬಾಯಿ ಬಿಟ್ಟುಕೊಂಡಿದ್ದ ಸಂದಿ ಈಗ ಹುಡುಕಿದರೂ ಸಿಗುತ್ತಿರಲಿಲ್ಲ. ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿರುವ ಈ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಅವನು ಮಾಡುತ್ತ ಬಂದ ಕೆಲಸ ಇದೇ. ಮರಕ್ಕೆ ಗುದ್ದಿದ ಜೀಪಿರಲಿ, ಎತ್ತಿನ ಗಾಡಿಗೆ ತಿಕ್ಕಿದ ಅಂಬಾಸಿಡರ್ ಇರಲಿ, ಬಡಿದು, ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಕಳಿಸಿದನೆಂದರೆ ಪೆಟ್ಟು ಎಲ್ಲಿ ಬಿದ್ದಿತ್ತೆಂಬುದು ಮಾಲಕನಿಗೇ ಮರೆತುಹೋಗಬೇಕು. ಮುಚ್ಚುವುದರಲ್ಲಿ ಅವನ ಕೈಯನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ.

ಕಾರು ಅವನ ಮಗಳು ಶಿವಾನಿಯದು. ಇನ್ನು ಎಂಟು ದಿನಕ್ಕೆ ಅವಳ ಮದುವೆ. ಸೊಲ್ಲಾಪುರದ ಗಾಳಿ ಬೀಸುವ ಈ ಕಡೆಯ ಮದುವೆಗಳಲ್ಲಿ ರುಖವತ ಎಂದೊಂದು ಪದ್ಧತಿ. ಮದುಮಗಳು ಕೈಯಾರೆ ಮಾಡಿದ ಸಾಮಾನುಗಳನ್ನು ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಡಬೇಕು, ಬೀಗರ ಕಡೆಯ ಹೆಂಗಸರು ಬಂದು ಒಂದೊಂದನ್ನೇ ಎತ್ತಿ, ತಿರುಗಿಸಿ, ಹುಡುಗಿಯ ಕೈಗುಣಕ್ಕೆ ಅಂಕ ಕೊಡಬೇಕು. ಮಣಿಯ ಗಿಣಿ, ಉಲ್ಲನ್ನಿನ ಹಂಸ, ಕೊಬ್ಬರಿಯಲ್ಲಿ ಕೊರೆದ ಹೂವು, ಎಲ್ಲರ ಮನೆಯಲ್ಲೂ ಅವೇ. ಅದರಲ್ಲಿ ಅರ್ಧ ನೆರೆಮನೆಯವರು ಮಾಡಿಕೊಟ್ಟದ್ದೆಂಬುದೂ ಎಲ್ಲರಿಗೂ ಗೊತ್ತು.

ಶಿವಾನಿಗೆ ಮಣಿ ಪೋಣಿಸಲು ಬಾರದು. ಅವಳ ಎಡಗೈಯ ನಡುವಿನ ಎರಡು ಬೆರಳುಗಳು ಬಗ್ಗಿದವು ಬಗ್ಗಿದಂತೆಯೇ ಇವೆ, ಬಿಚ್ಚುವುದಿಲ್ಲ. ತಾಯಿ ಶೆಟ್ಟೆವ್ವ ಪಕ್ಕದ ಮನೆಯ ಬಾನುಬಿಗೆ ಹೇಳಿ ಎಲ್ಲವನ್ನೂ ಮಾಡಿಸಿಟ್ಟಿದ್ದಳು. ಆದರೆ ಮಗಳು, "ಒಂದರ ನಂದು ಇರಬೇಕಲ್ಲವ್ವಾ" ಎಂದು ಹಟ ಹಿಡಿದಳು. ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಮೈಬೂಬ ಮುಂಬಯಿಯಿಂದ ತಂದು ಮೂಲೆಗೆ ಒಗೆದಿದ್ದ ಒಂದು ಪೆಟ್ಟಿಗೆ ಅವಳ ಕಣ್ಣಿಗೆ ಬಿದ್ದಿತ್ತು. ಮೇಲೆ ಹಳೇ ಕಾಲದ ಶೆವರ್ಲೆ ಕಾರಿನ ಚಿತ್ರ, ಒಳಗೆ ಕಡ್ಡಿಗೆ ಜೋತುಬಿದ್ದ ಚವಳಿಕಾಯಿಗಳಂತೆ ಪ್ಲಾಸ್ಟಿಕ್ಕಿನ ತುಣುಕುಗಳು. ಬಿಡಿಸಿ ಜೋಡಿಸಿದರೆ ಕಾರಾಗಬೇಕು.

ಆಗಬೇಕು ಅಷ್ಟೇ, ಆಗುತ್ತಿರಲಿಲ್ಲ. ಯಾವ ಪುಣ್ಯಾತ್ಮ ಅಚ್ಚು ಹಾಕಿದ್ದನೋ, ಬಲಗಡೆಯ ಮೈ ಎಡಗಡೆಗಿಂತ ಒಂದು ಜೋಳದ ಕಾಳಿನಷ್ಟು ಉದ್ದ. ಮೇಲ್ಛಾವಣಿ ಕೂತರೆ ಬಾಗಿಲು ಕೂಡುತ್ತಿರಲಿಲ್ಲ, ಬಾಗಿಲು ಕೂಡಿದರೆ ಬಾನೆಟ್ಟಿನ ಮೂಲೆ ಏಳುತ್ತಿತ್ತು. ನಾಲ್ಕು ಗಾಲಿಗಳಲ್ಲಿ ಮೂರು ನೆಲ ಮುಟ್ಟಿದರೆ ಒಂದು ಮುನಿಸಿಕೊಂಡು ಮೇಲೆ ನಿಲ್ಲುತ್ತಿತ್ತು. ಶಿವಾನಿ ಹದಿನೈದು ದಿನ ಕೂತಳು. ಬಗ್ಗಿದ ಎರಡು ಬೆರಳುಗಳ ನಡುವೆ ತುಣುಕನ್ನು ಸಿಕ್ಕಿಸಿ, ಬಲಗೈಯಿಂದ ಬ್ಲೇಡು ಹಿಡಿದು ಹೆರೆದಳು, ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಿದಳು, ಕೂಡಿಸಿ ಮತ್ತೆ ಬಿಚ್ಚಿದಳು. ಕೊನೆಗೆ ಅದು ಕಾರಿನಂತೆ ನಿಂತಿತು. ಸಂದಿಗಳು ಕಾಣುತ್ತಿದ್ದವು, ನಾಲ್ಕನೆಯ ಗಾಲಿ ಇನ್ನೂ ಚೂರು ಮೇಲಿತ್ತು. ಅವಳು ಮಾತ್ರ ಅದನ್ನು ನೋಡಿ ನೋಡಿ ನಗುತ್ತಿದ್ದಳು.

ಚಂದ್ರಾಮನಿಗೆ ನಗು ಬರಲಿಲ್ಲ, ಸಂದಿಗಳೇ ಕಣ್ಣಿಗೆ ಚುಚ್ಚುತ್ತಿದ್ದವು. ತಾಯಿ ಮಗಳು ಸೀರೆ ತರಲು ಬಿಜಾಪುರಕ್ಕೆ ಹೋದ ಹೊತ್ತು ನೋಡಿ ಅದನ್ನು ಶೆಡ್ಡಿಗೆ ತಂದ. ಸಂದಿಗಳಿಗೆ ಪುಟ್ಟಿ ತುಂಬಿ ಉಜ್ಜಿದ, ಜೀಪಿಗೆ ತಂದಿದ್ದ ಕೆಂಪು ಬಣ್ಣಕ್ಕೆ ಥಿನ್ನರ್ ಬೆರೆಸಿ ಎರಡು ಕೈ ಹೊಡೆದ. ಈಗ ಬೀಡಿ ಹಚ್ಚಿಕೊಂಡು, ಇನ್ನು ಯಾರು ಬೇಕಾದರೂ ಬಂದು ನೋಡಲಿ ಎಂದುಕೊಂಡ.

ಬೀಡಿ ಅರ್ಧ ಮುಗಿದಿರಲಿಲ್ಲ, ಕಾರಿನ ನೆತ್ತಿ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಚಂದ್ರಾಮ ಬಗ್ಗಿ ನೋಡಿದ. ನೋಡುತ್ತಿದ್ದಂತೆಯೇ ಛಾವಣಿ ನಡುವಿನಲ್ಲಿ ಕುಸಿಯಿತು, ಕಿಟಕಿಯ ಕಂಬಗಳು ಮೆತ್ತಗಾಗಿ ಒಳಕ್ಕೆ ವಾಲಿದವು. ಹಿಡಿದು ನಿಲ್ಲಿಸಲು ಹೋದರೆ ಹೆಬ್ಬೆರಳಿನ ಗುರುತು ಬಾಗಿಲಿನ ಮೇಲೆ ಆಳವಾಗಿ ಒತ್ತಿ ನಿಂತಿತು. ತಗಡಿನ ಮೇಲೆ ಜೀವಮಾನ ಕಳೆದವನಿಗೆ, ತಗಡಿಗೆ ನಡೆಯುವುದು ಪ್ಲಾಸ್ಟಿಕ್ಕಿಗೆ ನಡೆಯುವುದಿಲ್ಲವೆಂಬುದು ಹೊಳೆದೇ ಇರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಹಿಡಿದವನು ತಾನೇ.

ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳು ಬಂದರು. ಚಂದ್ರಾಮ ಮುಚ್ಚಿಡಲಿಲ್ಲ, ಮುಚ್ಚಿಡುವಂಥದೂ ಅದಾಗಿರಲಿಲ್ಲ. ಮನೆಯ ಮುಂದಿನ ಹಾಸುಗಲ್ಲಿನ ಮೇಲೆ ಇಟ್ಟು ಪಕ್ಕದಲ್ಲಿ ಕೂತಿದ್ದ. ಶಿವಾನಿ ಸೀರೆಯ ಗಂಟು ಕೆಳಗಿಟ್ಟು ಕಾರನ್ನು ಎತ್ತಿಕೊಂಡು ಮೂಸಿದಳು.

"ಥಿನ್ನರ್ ಹಾಕಿದಿ ಏನು? ಇದಕ್ಕ ಅದು ನಡ್ಯಂಗಿಲ್ಲಪಾ. ಒಂದ ಮಾತ ಕೇಳಿದ್ರ ಹೇಳ್ತಿದ್ದೆ."

"ನಿನಗ ಹೆಂಗ ಗೊತ್ತು?"

"ಪೆಟಿಗ್ಯಾಗಿನ ಗೋಂದು ಒಣಗಿ ಹೋಗಿತ್ತು. ನಿನ್ನ ಬಾಟ್ಲ್ಯಾಗಿನ ಥಿನ್ನರ್ ಕಡ್ಡೀಲೆ ಹನಿ ಹನಿ ಹಚ್ಚೇ ಇದನ್ನೆಲ್ಲಾ ಅಂಟಿಸೇನಿ. ಚೂರು ಹೆಚ್ಚಾದ್ರ ಕರಗತೈತಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚಂದ್ರಾಮನಿಗೆ ಹಗುರಾಗುತ್ತಿತ್ತು.

"ಸಂದಿ ಕಾಣತಿದ್ದುವಲ್ಲವ್ವಾ" ಎಂದ.

"ಕಂಡ್ರ ಏನಾಗತಿತ್ತು?"

"ಬೀಗರ ಕಡಿ ಹೆಣ್ಮಕ್ಕಳ ಕಣ್ಣು ಭಾಳ ಚೂಪ ಇರ್ತಾವು. ಸಂದಿ ನೋಡಿದವ್ರು ಕೈ ನೋಡ್ತಾರ. ಹುಡಿಗಿ ಕೈಯಾಗ ಏನೋ ಐಬ ಐತಿ ಅಂತ..."

ಮಾತು ಅಲ್ಲಿಗೇ ನಿಂತಿತು. ನಿಲ್ಲುವ ಹೊತ್ತಿಗೆ ತಡವಾಗಿತ್ತು.

"ಅವರಿಗೆ ಗೊತ್ತೈತಲ್ಲಾ?" ಶಿವಾನಿ ಅಪ್ಪನ ಮುಖವನ್ನೇ ನೋಡಿದಳು. "ಕನ್ಯಾ ನೋಡಾಕ ಬಂದ ದಿನಾನ ಎಲ್ಲಾ ಹೇಳೇನಿ, ಅವ್ರು ಏನೂ ಅನ್ನಲಿಲ್ಲ ಅಂದಿದ್ದಿ."

ಚಂದ್ರಾಮ ಮುಖ ತಿರುಗಿಸಿದ. ಶೆಟ್ಟೆವ್ವ ಅಡ್ಡ ಬಾಯಿ ಹಾಕಿದಳು. "ಸಾವಿರ ಸುಳ್ಳ ಹೇಳಿ ಒಂದ ಮದಿವಿ ಮಾಡಂತಾರ ಹಿರ್ಯಾರು. ನಾವೇನ ಸುಳ್ಳ ಹೇಳಿಲ್ಲ, ಸುಮ್ಮಿದ್ದೇವಿ ಅಷ್ಟ."

"ಅಕ್ಕಿಕಾಳ ಬೀಳೂತನಕ ಸೆರಗಿನಾಗ ಮುಚ್ಚಿದ್ರ ಮುಗೀತೇನವ್ವಾ? ಮರುದಿನ ಅವ್ರ ಮನ್ಯಾಗ ಕೊಡಾ ಎತ್ತಾಕಿ ನಾನು. ಮೋಸ ಮಾಡಿ ಬಂದಾಕಿ ಅಂತ ಅನಿಸ್ಕೊಳ್ಳಾಕಿನೂ ನಾನ." ಅವಳು ಅಪ್ಪನ ಕಡೆ ತಿರುಗಿದಳು. "ನಾಳೆ ಸಿಂದಗಿಗಿ ಹೋಗಿ ಹೇಳಿ ಬಾ. ನಿನಗ ಆಗಂಗಿಲ್ಲಂದ್ರ ನಾನ ಹೋಗತೇನಿ. ಸಣ್ಣಾಕಿದ್ದಾಗ ನಿನ್ನ ಮಾತ ಕೇಳದ ಜೀಪ ಹತ್ತಿ ಬಿದ್ದೆ, ಅದು ನನ್ನ ತಪ್ಪು. ಇದರಾಗ ನನ್ನ ತಪ್ಪಿಲ್ಲ."

ಅವಳು ಒಳಗೆ ಹೋದಳು. ಚಂದ್ರಾಮನಿಗೊಬ್ಬನಿಗೇ ಗೊತ್ತಿತ್ತು, ಅವಳು ಬಿದ್ದಿರಲಿಲ್ಲ. ಅವಳಿಗೆ ಆಗ ನಾಲ್ಕು ವರ್ಷ. ಜೀಪಿನ ಬಾನೆಟ್ಟಿಗೆ ಆಧಾರದ ಸಲಾಕಿ ಮುರಿದಿತ್ತು, ಅವನು ಒಂದು ಜಾಲಿಯ ಕೋಲು ಕೊಟ್ಟು ನಿಲ್ಲಿಸಿದ್ದ. "ಬಾರವ್ವಾ, ಈ ಪಾನ ಹಿಡಕೋ" ಎಂದು ಕೈಯಲ್ಲಿದ್ದ ಸ್ಪ್ಯಾನರ್ ಚಾಚಿ ಕರೆದವನೂ ಅವನೇ. ಕೋಲು ಜಾರಿತು. ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ಬಾಯಿಗೆ ಬಂದದ್ದು, ಜೀಪು ಹತ್ತಿ ಬಿದ್ದಳು ಎಂಬ ಮಾತು. ಹೆಂಡತಿಗೂ ಅದನ್ನೇ ಹೇಳಿದ. ಹುಡುಗಿ ಬುದ್ಧಿ ಬಂದಾಗಿನಿಂದ ಅದನ್ನೇ ಕೇಳಿ ಕೇಳಿ, ತಾನು ಬಿದ್ದದ್ದೇ ನೆನಪಿದೆ ಎನ್ನುವಷ್ಟು ನಂಬಿದ್ದಳು. ಹದಿನೇಳು ವರ್ಷದಿಂದ ಅವನು ಮುಚ್ಚಿಡುತ್ತ ಬಂದದ್ದು ಮಗಳ ಕೈಯನ್ನಲ್ಲ, ತನ್ನದನ್ನು.

ಮರುದಿನ ಮೊದಲ ಬಸ್ಸಿಗೆ ಸಿಂದಗಿಗೆ ಹೋದ. ವರನ ತಾಯಿ ಸಾವಿತ್ರವ್ವ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಗಂಡನಿಲ್ಲದೆ ಒಬ್ಬಳೇ ದುಡಿದು ಮಗನನ್ನು ಮಾಸ್ತರನನ್ನಾಗಿ ಮಾಡಿದ ಹೆಂಗಸು, ಮಾತು ಕಡಿಮೆ. ಮಗ ಗುರುನಾಥ ಶಾಲೆಗೆ ಹೊರಡಲು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಇಬ್ಬರೆದುರಿಗೂ ಚಂದ್ರಾಮ ನಿಂತೇ ಹೇಳಿದ. ಬೆರಳಿನ ವಿಷಯ, ಕಾರಿನ ವಿಷಯ, ಯಾವುದನ್ನೂ ಬಿಡಲಿಲ್ಲ. ಮೊರ ಸದ್ದು ನಿಲ್ಲಿಸಿತು.

"ಹೆಂಗಾತ್ರಿ?" ಸಾವಿತ್ರವ್ವ ಕೇಳಿದಳು.

"ಸಣ್ಣಾಕಿದ್ದಾಗ ಬಿದ್ದಿದ್ಲರಿ, ಅಕ್ಕಾರ."

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ. ಖರೆ ಹೇಳಲು ಇಷ್ಟು ದೂರ ಬಂದವನ ಬಾಯಿಂದ ಹಳೆಯ ಸುಳ್ಳು ಪಳಗಿದ ಎತ್ತಿನಂತೆ ತಾನಾಗಿ ಹೊರಟುಬಂದಿತ್ತು. ಹಿಂದಕ್ಕೆ ಕರೆಯುವ ಧೈರ್ಯ ಅವನಿಗಾಗಲಿಲ್ಲ.

ಗುರುನಾಥ ಪಂಪು ಕೆಳಗಿಟ್ಟ. "ಆಕಿ ಏನಂದ್ಲರಿ, ಮಾವಾರ?"

"ಹೋಗಿ ಹೇಳಿ ಬಾ ಅಂದ್ಲು. ಇಲ್ಲಂದ್ರ ತಾನ ಬರತೇನಿ ಅಂದ್ಲು."

ಗುರುನಾಥ ತಾಯಿಯ ಕಡೆ ನೋಡಿದ. "ನಂದೇನೂ ತಕರಾರಿಲ್ಲವ್ವಾ" ಎಂದಷ್ಟೇ ಹೇಳಿ ಮತ್ತೆ ಗಾಳಿ ಹಾಕತೊಡಗಿದ.

ಸಾವಿತ್ರವ್ವ ಮೊರದೊಳಗಿನ ಒಂದು ಹರಳನ್ನು ಆರಿಸಿ ಒಗೆದಳು. "ಬೀಗರ, ಹುಡಿಗಿ ಕೈ ಬಗ್ಗಿದ್ರ ಬಗ್ಗಲಿ. ನಿಮ್ಮ ಮಾತ ಬಗ್ಗಿತ್ತಲ್ಲ, ಅದಕ್ಕ ನನಗ ಸಂಕಟ. ನಾಳೆ ನಮ್ಮ ಮಂದಿ ಆಕಿ ಬೆನ್ನ ಹಿಂದ ಗುಸುಗುಸು ಅಂತಾರ. ಆಗ ತಲಿ ಕೆಳಗ ಹಾಕಾಕಿ ಯಾರು? ಆಕಿನ. ಅದು ನನ್ನ ಮನ್ಯಾಗ ಆಗಬಾರದು. ಆ ಕೆಟ್ಟ ಕಾರನ್ನ ರುಖವತದಾಗ ಇಡ್ರಿ. ಬಾಜೂಕ ನೀವ ನಿಂದರ್ರಿ. ಕೇಳಿದವ್ರಿಗೆಲ್ಲಾ ನಿಮ್ಮ ಬಾಯೀಲೆ ಹೇಳ್ರಿ."

"ಹೇಳ್ತೇನ್ರಿ" ಎಂದ ಚಂದ್ರಾಮ. ಸಾವಿತ್ರವ್ವ ಚಹಾ ಕುಡಿಸಿಯೇ ಕಳಿಸಿದಳು.

ಮದುವೆ ಇಂಡಿಯ ಸಮುದಾಯ ಭವನದಲ್ಲಿ. ಮೇಜಿನ ಮೇಲೆ ಬಾನುಬಿಯ ಗಿಣಿ, ಹಂಸ, ಲಾಡುಗಳ ಗೋಪುರ, ಇವುಗಳ ನಡುವೆ ನೆತ್ತಿ ಕುಸಿದ ಕೆಂಪು ಕಾರು. ಶೆಟ್ಟೆವ್ವ ಅದನ್ನು ಎರಡು ಸಲ ಗೋಪುರದ ಹಿಂದೆ ಸರಿಸಿದ್ದಳು, ಶಿವಾನಿ ಎರಡು ಸಲವೂ ಮುಂದಕ್ಕೆ ತಂದಿಟ್ಟಳು. ಚಂದ್ರಾಮ ಹೊಸ ಅಂಗಿ ತೊಟ್ಟು, ಕೈ ಕಟ್ಟಿ, ಸಾಕ್ಷಿ ಹೇಳಲು ಬಂದವನಂತೆ ಮೇಜಿನ ಪಕ್ಕ ನಿಂತ. ನಾಲ್ಕು ಮಾರಿನಾಚೆ ಮಣೆಯ ಮೇಲೆ ಮಗಳು ಕೂತಿದ್ದಳು. ಮೊಳಕೈವರೆಗೆ ಹಸಿರು ಬಳೆ ತೊಟ್ಟ ಎಡಗೈ ಮಡಿಲಲ್ಲಿತ್ತು, ಮೇಲೆ ಸೆರಗಿರಲಿಲ್ಲ.

ಬೀಗರ ಹೆಂಗಸರು ಗುಂಪಾಗಿ ಬಂದರು. ಮುಂದೆ ಗುರುನಾಥನ ಸೋದರತ್ತೆ ಸುಮಿತ್ರಾಬಾಯಿ. ಲಾಡು ಮುಟ್ಟಿ ನೋಡಿ, ಗಿಣಿ ಎತ್ತಿ ನೋಡಿ, ಕೊನೆಗೆ ಕಾರನ್ನು ಅಂಗೈ ಮೇಲೆ ಇಟ್ಟುಕೊಂಡಳು.

"ಅಯ್ಯ, ಇದೇನ್ರಿ ಇದು? ಯಾರ ಮಾಡ್ಯಾರ?"

"ಮಗಳು ಮಾಡ್ಯಾಳ್ರಿ. ಚಲೋ ಮಾಡಿದ್ಲು. ಕೆಡಿಸಿದಾಂವ ನಾನು." ಚಂದ್ರಾಮ ಕಟ್ಟಿದ ಕೈ ಬಿಚ್ಚಿದ. "ಆಕಿ ಎಡಗೈಯಾಗ ಎರಡ ಬೆರಳ ಬಿಚ್ಚಂಗಿಲ್ರಿ. ಆ ಕೈಲೇ ಮಾಡ್ಯಾಳ."

ಹೆಂಗಸರು ಮಣೆಯ ಕಡೆ ತಿರುಗಿ ನೋಡಿದರು. ಸುಮಿತ್ರಾಬಾಯಿ ದನಿ ತಗ್ಗಿಸಿದಳು. "ಪಾಪ. ಹುಟ್ಟಾ ಹಂಗೇನ್ರಿ, ಏನ ಬಿದ್ದಿದ್ಲು?"

ಬಿದ್ದಿದ್ಲರಿ ಎಂಬ ಮಾತು ಆಗಲೇ ಹಲ್ಲಿನ ಹತ್ತಿರ ಬಂದು ನಿಂತಿತ್ತು. ಅಂದುಬಿಟ್ಟರೆ ಮುಗಿಯಿತು, ಯಾರೂ ಎರಡನೆಯ ಸಲ ಕೇಳುವುದಿಲ್ಲ. ಸಾವಿತ್ರವ್ವನಿಗೆ ಕೊಟ್ಟ ಮಾತೂ ಉಳಿದಂತೆಯೇ. ಚಂದ್ರಾಮ ಮಣೆಯ ಮೇಲಿನ ಆ ಕೈಯನ್ನು ನೋಡಿದ.

"ಬಿದ್ದಿಲ್ರಿ." ದನಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಆಕಿ ಎಂದೂ ಬಿದ್ದಿಲ್ಲ. ಜೀಪ ಹತ್ತೇ ಇಲ್ಲ. ಬಾನೆಟ್ಟಿಗೆ ಕೋಲ ಕೊಟ್ಟು ನಿಲ್ಲಿಸಿದಾಂವ ನಾನು. ಪಾನ ಹಿಡಕೋ ಬಾ ಅಂತ ಕರದಾಂವ ನಾನು. ಕೋಲ ಜಾರಿ ಬಾನೆಟ್ ಆಕಿ ಕೈಮ್ಯಾಲ ಬಿತ್ತು. ಬಿದ್ದಾಳ ಅಂತ ಹದಿನೇಳ ವರ್ಷ ಊರಿಗೆಲ್ಲಾ ಹೇಳಿಕೋತ ಬಂದೇನಿ. ಆಕಿಗೂ ಅದನ್ನ ಹೇಳೇನಿ."

ಶೆಟ್ಟೆವ್ವನ ಕೈಯಲ್ಲಿದ್ದ ಅಕ್ಷತೆಯ ತಟ್ಟೆ ಓರೆಯಾಗಿ ನಾಲ್ಕು ಕಾಳು ನೆಲಕ್ಕೆ ಚೆಲ್ಲಿದವು. ಸುಮಿತ್ರಾಬಾಯಿ ಕಾರನ್ನು ಎರಡೂ ಕೈಯಿಂದ ಮೆಲ್ಲಗೆ ಮೇಜಿನ ಮೇಲಿಟ್ಟಳು.

ಶಿವಾನಿ ಅಪ್ಪನ ಕಡೆ ನೋಡಲಿಲ್ಲ. ಎಡಗೈಯನ್ನು ಮಡಿಲಿನಿಂದ ಮುಖದ ಮಟ್ಟಕ್ಕೆ ಎತ್ತಿದಳು, ಬಳೆಗಳು ಘಲ್ಲೆಂದು ಮೊಳಕೈಯತ್ತ ಸರಿದವು. ಬಗ್ಗಿದ ಆ ಎರಡು ಬೆರಳುಗಳನ್ನು ಬಲಗೈಯಿಂದ ಹಿಡಿದುಕೊಂಡು, ಮುಹೂರ್ತದ ಹೊತ್ತಾಯಿತೆಂದು ಯಾರೋ ಕೂಗುತ್ತಿದ್ದರೂ ಕಿವಿಗೊಡದೆ, ತಿರುಗಿಸಿ ತಿರುಗಿಸಿ ನೋಡುತ್ತ ಕೂತಳು.