ಐವತ್ತೊಂದು ಕರಿಗಡಬು

ನಲವತ್ತೊಂಬತ್ತನೆಯ ಮಿರ್ಚಿ ತಿರಕಪ್ಪನ ಬಾಯಲ್ಲಿದ್ದಾಗ ಫೋನು ಬಡಿದುಕೊಂಡಿತು.

ಲಕ್ಷ್ಮೇಶ್ವರದ ಬಜಿ ಅಂಗಡಿಯ ಮುಂದೆ ಮಂದಿ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ನಿಂತಿದ್ದರು. ಒಂದೊಂದು ಮಿರ್ಚಿ ಅವನ ಗಂಟಲಿಗಿಳಿದಾಗಲೂ ಎಲ್ಲರೂ ಕೂಡಿ ಎಣಿಸಿ ಕೂಗುತ್ತಿದ್ದರು. ಅರ್ಧ ತಾಸಿನಲ್ಲಿ ಅರವತ್ತು ತಿನ್ನಬೇಕು, ನಡುವೆ ಏಳುವಂತಿಲ್ಲ, ಇದು ಪಂಥ. ಗೆದ್ದವನಿಗೆ ಒಂದು ಶಾಲು, ಒಂದು ತೆಂಗಿನಕಾಯಿ. ಅಂಗಡಿಯ ಗೋಡೆಯ ಮೇಲೆ ಅವನ ಫೋಟೊ.

ಫೋನು ತಿರಕಪ್ಪನದೇ. ಅದನ್ನು ಎತ್ತಿ ಹಿಡಿದು ವಿಡಿಯೊ ಮಾಡುತ್ತಿದ್ದವನು ಅಬ್ದುಲಗನಿ. ಬೆಟಗೇರಿಯಲ್ಲಿ ತಿರಕಪ್ಪನ ಓಣಿಯವನೇ, ಟಂಟಂ ಆಟೊ ಓಡಿಸುವವನು.

"ಅಣ್ಣಾ, ವಿಡಿಯೊ ನಿಂತ್ಬಿಡ್ತು. ಯಾರದೋ ಫೋನ್ ಬರಾಕತ್ತೈತಿ."

"ಕಟ್ ಮಾಡಲೇ," ಎಂದ ತಿರಕಪ್ಪ, ತುಂಬಿದ ಬಾಯಲ್ಲೇ.

"ಮಾಗಡಿ ಶೃತಿ ಅಂತ ತೋರಸ್ತೈತಿ."

ತಿರಕಪ್ಪ ಎದ್ದು ನಿಂತ.

ಮಂದಿ ಹೋ ಎಂದು ಕೂಗಿತು. "ಎದ್ದರ ಸೋತಂಗ ನೋಡ್ರಿ ಕಾಕಾ! ಇನ್ನ ಹನ್ನೊಂದು ಮಿರ್ಚಿಗೆ ಯಾಕ ಮರ್ಯಾದಿ ಕಳಕೋತೀರಿ?" ಎಂದು ಅಂಗಡಿಯವನು ಕರಿಯುವ ಝಾರಿ ಹಿಡಿದ ಕೈಯನ್ನೇ ಬೀಸಿದ. ತಿರಕಪ್ಪ ಎಣ್ಣೆಗೈಯಲ್ಲೇ ಫೋನು ಕಸಿದುಕೊಂಡು ಬೇವಿನ ಗಿಡದ ಆಚೆಗೆ ಹೋದ. ಎರಡು ವರ್ಷದ ಹಿಂದೆ ಗದಗದ ಒಂದು ಮದುವೆಯಲ್ಲಿ ಸಿಕ್ಕಾಗ ತಂಗಿಯ ಮಗಳು ಶೃತಿ ತಾನಾಗಿಯೇ ಆ ನಂಬರು ಕೊಟ್ಟಿದ್ದಳು. ಆಮೇಲೆ ಇವನೂ ಫೋನು ಮಾಡಿರಲಿಲ್ಲ, ಅವಳೂ ಮಾಡಿರಲಿಲ್ಲ.

"ಮಾಮಾ, ಬರೂ ಐತವಾರ ನನ್ನ ಕುಬಸ ಐತಿ. ಇಲ್ಲೇ ಮಾಗಡಿಯೊಳಗ. ನೀ ಬುತ್ತಿ ತರಬೇಕು."

ತಿರಕಪ್ಪನ ನಾಲಿಗೆ ಖಾರಕ್ಕೆ ದಪ್ಪಗಾಗಿತ್ತು. "ನಿಮ್ಮವ್ವ?" ಎಂದ.

"ಅವ್ವನ್ನ ಕೇಳೇ ಮಾಡೀನಿ. ಬ್ಯಾಡ ಅನ್ನಲಿಲ್ಲ. ಬಾ ಅಂತೂ ಅನ್ನಲಿಲ್ಲ, ಖರೆ ಹೇಳತೀನಿ." ಆಚೆಯಿಂದ ನಗು ಕೇಳಿಸಿತು. "ನಮ್ಮತ್ತಿ ಮುಂಡರಗಿಯಿಂದ ಬರತಾರ. ಸೋದರಮಾವನ ಬುತ್ತಿ ಎಲ್ಲಿ ಅಂತ ಅವರು ಕೇಳಿದ್ರ ನಾ ಏನ ಹೇಳ್ಲಿ? ಅವ್ವನ ಬಸುರಿ ಬಯಕಿ ತೀರಲಿಲ್ಲಂತ ಸಣ್ಣಾಕಿದ್ದಾಗ ನನ್ನ ಕಿವಿ ಸೋರಿದ್ದು, ಅದು ನಿನ್ನಿಂದನ ಅಂತ. ನನ್ನ ಕೂಸಿನ ಕಿವಿನರ ಉಳಸು."

ವಾಪಸ್ಸು ಬರುವಾಗ ಟಂಟಂ ಓಡಿಸುತ್ತಿದ್ದವನು ಅಬ್ದುಲಗನಿ. ಹತ್ತು ವರ್ಷದಿಂದ ತಿರಕಪ್ಪನ ಈ ಹವ್ಯಾಸಕ್ಕೆ ಅವನೇ ಸಾರಥಿ. ವಾರವೆಲ್ಲ ಮಗ್ಗದಲ್ಲಿ ಸೀರೆ ನೇಯುವ ತಿರಕಪ್ಪ ರಜೆ ಸಿಕ್ಕ ದಿನ ಎಲ್ಲಿ ಪಂಥ ಇದೆ ಎಂದು ಹುಡುಕುತ್ತಿದ್ದ. ಶಿರಹಟ್ಟಿಯಲ್ಲಿ ನಾಲ್ಕು ಡಜನ್ ಬಾಳೆಹಣ್ಣು, ಮುಂಡರಗಿಯಲ್ಲಿ ಮೂವತ್ತೆರಡು ಜೋಳದ ರೊಟ್ಟಿ, ಮುಳಗುಂದದಲ್ಲಿ ಒಂದು ಬೋಗುಣಿ ತುಂಬ ಗೋಧಿ ಹುಗ್ಗಿ. ಅಬ್ದುಲಗನಿ ಅಲ್ಲೆಲ್ಲ ಇದ್ದ, ಎಲ್ಲವನ್ನೂ ವಿಡಿಯೊ ಮಾಡಿದ್ದ.

"ಒಂದ ಮಾತ ಕೇಳ್ಲ್ಯಾ ಅಣ್ಣಾ?" ಎಂದ ಅವನು. "ಎಲ್ಲೇ ತಿನ್ನಾಕ ಕುಂತರೂ ಮೊದಲನೇ ತುತ್ತಿಗೆ ಕಣ್ಣು ಮುಚ್ತೀಯಲ್ಲ, ಅದ್ಯಾಕ? ಗಡಿಯಾರ ಓಡತಿರತೈತಿ, ನೀ ನೋಡಿದ್ರ ಧ್ಯಾನಕ್ಕ ಕುಂತಂಗ ಕುಂದರತಿ. ಮಂದಿ ನೀ ದೇವರಿಗೆ ಕೈಮುಗಿತಿ ಅಂತಾರ."

"ಗಾಡಿ ನೋಡ್ಕೊಂಡು ಹೊಡಿಲೇ," ಎಂದ ತಿರಕಪ್ಪ.

ಇಪ್ಪತ್ತಮೂರು ವರ್ಷದ ಹಿಂದೆ ಶಿರಹಟ್ಟಿ ಹತ್ತಿರದ ಅದೇ ಮಾಗಡಿಯಲ್ಲಿ ಅವನ ತಂಗಿ ಸುಮಿತ್ರವ್ವ ಶೃತಿಯನ್ನು ಹೊತ್ತು ಏಳು ತಿಂಗಳಾಗಿದ್ದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರ ನಡುವೆ ಕೂರಿಸಿ, ತವರಿನಿಂದ ಬಂದ ಬುತ್ತಿ ಬಿಚ್ಚಿ ಉಣಿಸುವ ಕುಬಸದ ದಿನ. ಸುಮಿತ್ರವ್ವನ ಬಯಕೆ ಒಂದೇ ಆಗಿತ್ತು, ಅವ್ವನ ಕೈಯ ಕರಿಗಡಬು. ಅವ್ವ ಕರಿಯವ್ವನಿಗೆ ಕಾಲು ಬಾತು ಬಸ್ಸು ಹತ್ತಲಾಗುತ್ತಿರಲಿಲ್ಲ. ಎರಡು ದಿನ ಗೋಡೆಗೊರಗಿ ಕೂತು ಹೂರಣ ರುಬ್ಬಿ, ಕಣಕ ಲಟ್ಟಿಸಿ, ಐವತ್ತೊಂದು ಕರಿಗಡಬು ಕರಿದಳು. ಬುಟ್ಟಿಯ ಬಾಯಿಗೆ ಬಿಳಿ ಅರಿವೆ ಕಟ್ಟಿ, "ಅಲ್ಲಿ ಹೋಗೂತನಕ ಗಂಟು ಬಿಚ್ಚಬ್ಯಾಡೊ," ಎಂದು ಮಗನ ಕೈಗೆ ಕೊಟ್ಟಳು.

ಗದಗದ ಬಸ್‌ಸ್ಟ್ಯಾಂಡಿನಲ್ಲಿ ಮಾಗಡಿ ಬಸ್ಸು ತಪ್ಪಿತು. ಇನ್ನೊಂದಕ್ಕೆ ಎರಡು ತಾಸು. ಚಹಾದ ಅಂಗಡಿಯಲ್ಲಿ ಪರಿಚಯದ ನಾಲ್ಕು ಹುಡುಗರಿದ್ದರು. ತಿರಕಪ್ಪನಿಗೆ ಆಗ ಇಪ್ಪತ್ತೈದು, ಓಣಿಯಲ್ಲಿ ತಿನ್ನುವವನೆಂದು ಹೆಸರು ಹೊರಟಿತ್ತು. "ಏನ ಬರೀ ಹೆಸರಲೇ ನಿಂದು? ಬುಟ್ಟಿ ಖಾಲಿ ಮಾಡಿ ತೋರಸು ನೋಡೂಣು. ಮಾಡಿದ್ರ ಅದ ಬುಟ್ಟಿ ತುಂಬ ಜಿಲೇಬಿ ತುಂಬಿ ಕೊಡತೀವಿ," ಎಂದರು. ಕಡಬು ಹೋಗಿ ಜಿಲೇಬಿ ಬರುತ್ತದಲ್ಲ, ತಂಗಿಗೆ ಪ್ಯಾಟೆಯ ತಿನಿಸು ಇನ್ನೂ ಖುಷಿಯೇ ಎಂದು ಆ ಹೊತ್ತಿಗೆ ಅವನಿಗೆ ನಿಜವಾಗಿಯೂ ಅನ್ನಿಸಿತ್ತು. ಗಂಟು ಬಿಚ್ಚಿದ. ಐವತ್ತೊಂದನ್ನೂ ತಿಂದ. ಹುಡುಗರು ಅವನನ್ನು ಎತ್ತಿ ಕುಣಿದಾಡಿದರು.

ಮಾಗಡಿಯಲ್ಲಿ ಸುಮಿತ್ರವ್ವ ಐದು ಮಂದಿ ಮುತ್ತೈದೆಯರ ಎದುರಿಗೆ ಅರಿವೆ ಸರಿಸಿದಾಗ ಪೇಪರಿನಲ್ಲಿ ಸುತ್ತಿದ ಜಿಲೇಬಿ ಕಂಡಿತು. ಅವಳ ಅತ್ತೆ, "ಬೆಟಗೇರ್ಯಾಗ ಒಲಿ ಹಚ್ಚೂದಿಲ್ಲೇನ, ಅಂಗಡಿ ಬುತ್ತಿ ಕಳಿಸ್ಯಾರ," ಎಂದು ನಕ್ಕಳು. ಸುಮಿತ್ರವ್ವ ಅಣ್ಣನ ಮುಖವನ್ನೊಮ್ಮೆ, ಉಬ್ಬಿದ ಅವನ ಹೊಟ್ಟೆಯನ್ನೊಮ್ಮೆ ನೋಡಿದಳು. ಏನೂ ಕೇಳಲಿಲ್ಲ.

ಹನ್ನೆರಡನೆಯ ದಿನಕ್ಕೆ ಕರಿಯವ್ವ ತೀರಿಕೊಂಡಳು. ಮಣ್ಣಿಗೆ ಬಂದ ಸುಮಿತ್ರವ್ವ ಅವನೊಂದಿಗೆ ಮಾತಾಡದೆ ಹೋದಳು. ನಾಗರ ಪಂಚಮಿಗೆ ತವರಿಗೆ ಕರೆಯಲು ಹೋದರೆ ಮೈಯಲ್ಲಿ ಆರಾಮಿಲ್ಲವೆಂದು ಒಳಗಿನಿಂದಲೇ ಹೇಳಿ ಕಳಿಸಿದಳು. ಮರುವರ್ಷವೂ ಅದೇ. ಮೂರನೆಯ ವರ್ಷ ತಿರಕಪ್ಪ ಹೋಗಲಿಲ್ಲ. ಆದರೆ ಪ್ರತಿ ಪಂಚಮಿಗೂ ಅವನ ಮನೆಯ ತೊಲೆಗೆ ಜೋಕಾಲಿ ಬೀಳುತ್ತಿತ್ತು, ಆಡುವ ಹೆಣ್ಣುಮಕ್ಕಳು ಮನೆಯಲ್ಲಿ ಯಾರೂ ಇರದಿದ್ದರೂ.

ಶನಿವಾರ ಹೆಂಡತಿ ಫಕ್ಕೀರವ್ವ ಕರಿಗಡಬು ಮಾಡಲು ಕೂತಳು. ತಿರಕಪ್ಪ ಮಗ್ಗ ನಿಲ್ಲಿಸಿ ಬಂದು ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಎಣ್ಣೆಯಲ್ಲಿ ಮೊದಲನೆಯದು ಉಬ್ಬಿ ಕೆಂಪಾಗಿ ಮೇಲೆದ್ದಾಗ ಅವಳು ಝಾರಿಯಲ್ಲಿ ಎತ್ತಿ, "ಒಂದ ತಿಂದ ನೋಡ್ರಿ, ಬೆಲ್ಲ ಹದಾ ಆಗೈತೇನು," ಎಂದಳು.

"ಬ್ಯಾಡ."

ಫಕ್ಕೀರವ್ವ ಗಂಡನನ್ನು ನೋಡಿದಳು. "ಅಯ್ಯ ಶಿವನ! ಇವತ್ತ ಸೂರ್ಯಾ ಎಲ್ಲಿ ಹುಟ್ಟ್ಯಾನ?" ಎಂದವಳೇ ಮುಂದಿನದನ್ನು ಎಣ್ಣೆಗೆ ಬಿಟ್ಟಳು.

ಬೆಳಿಗ್ಗೆ ಅವಳಿಗೆ ಸಣ್ಣಗೆ ಜ್ವರ. ತಾನು ಬರಲಾರೆ ಎಂದು, ಬುಟ್ಟಿಗೆ ಅರಿವೆ ಕಟ್ಟಿ, ಮೇಲೆ ತಿರಕಪ್ಪ ತಾನೇ ನೇಯ್ದ ಹಸಿರು ಸೀರೆ ಇಟ್ಟು, ಅಬ್ದುಲಗನಿಗೆ ಹೇಳಿದಳು: "ತಮ್ಮಾ, ಐವತ್ತೊಂದ ಅದಾವು. ಅಲ್ಲಿ ಹೋಗಿ ಎಣಸು."

"ನೀವು ಚಿಂತಿ ಬಿಡ್ರಿ ವೈನಿ. ಇವನ ಕೈ ಬುಟ್ಟಿಗೆ ಹೋದ್ರ ಸ್ಟೇರಿಂಗ್ ಬಿಟ್ಟು ಇವನ ಕೈ ಹಿಡಿತೀನಿ."

ಹಳೆಯ ಬಸ್‌ಸ್ಟ್ಯಾಂಡು ದಾಟುವಾಗ ಅಬ್ದುಲಗನಿ ಚಹಾ ಕುಡಿಯೋಣವೆಂದ. ತಿರಕಪ್ಪ ಬೇಡವೆನ್ನುವಂತೆ ತಲೆಯಾಡಿಸಿದ. ಬುಟ್ಟಿ ಅವನ ತೊಡೆಯ ಮೇಲಿತ್ತು, ಎರಡೂ ಕೈ ಅದರ ಸುತ್ತಲಿದ್ದವು. ಅರಿವೆಯೊಳಗಿಂದ ಕರಿದ ಗೋಧಿಯ ವಾಸನೆ ಬೆಚ್ಚಗೆ ಏಳುತ್ತಿತ್ತು. ಹೊರಗೆ ಕಡಲೆಯ ಹೊಲಗಳು ಹೂವಿಗೆ ಬಂದಿದ್ದವು.

ಮಾಗಡಿಯ ಮನೆಯ ಬಾಗಿಲಲ್ಲಿ ಸುಮಿತ್ರವ್ವನೇ ನಿಂತಿದ್ದಳು. ನೆತ್ತಿಯ ಕೂದಲು ಬೆಳ್ಳಗಾಗಿತ್ತು. ಹಣೆ ಥೇಟು ಅವ್ವನದು.

"ಬರ್ರಿ. ಕಾಲ ತೊಳಕೋರಿ," ಎಂದು ತಂಬಿಗೆ ಕೊಟ್ಟಳು. ಹೊರಗಿನ ನೆಂಟರಿಗೂ ಹಾಗೆಯೇ ಅನ್ನುತ್ತಿದ್ದಳು. ಬುಟ್ಟಿಯನ್ನು ಎರಡೂ ಕೈಯಿಂದ ಇಸಿದುಕೊಂಡು, ಭಾರ ನೋಡುವವಳಂತೆ ಒಂದು ಗಳಿಗೆ ಹಾಗೇ ನಿಂತು, ಒಳಗೆ ಹೋದಳು.

ಕುಬಸ ಮುಗಿಯಿತು. ಸೋದರಮಾವ ತಂದ ಸೀರೆಯುಟ್ಟು, ಹಸಿರು ಬಳೆ ತೊಟ್ಟು, ಶೃತಿ ಬುಟ್ಟಿಯ ಮೊದಲ ಕಡಬನ್ನು ಕಚ್ಚಿದಳು. ಮುಂಡರಗಿಯ ಬೀಗತಿ, "ಭಾಳ ಚಲೋ ಆಗ್ಯಾವ ನೋಡ್ರಿ," ಎಂದಳು. ಪಡಸಾಲೆಯ ಕಂಬದ ಹಿಂದೆ ನಿಂತಿದ್ದ ತಿರಕಪ್ಪ ಆಗ ಉಸಿರು ಬಿಟ್ಟ.

ಗಂಡಸರ ಪಂಕ್ತಿಯಲ್ಲಿ ಶೃತಿಯ ಗಂಡ ಪರಶುರಾಮ ಅವನ ಪಕ್ಕಕ್ಕೇ ಬಂದು ಕೂತ. ವಿಡಿಯೊಗಳನ್ನೆಲ್ಲ ನೋಡಿದವನು. "ಮಾಮಾರ, ಇವತ್ತ ನಮ್ಮ ಮುಂದ ಒಂದು ಆಗ್ಲಿ. ಹತ್ತ ನಿಮಿಷ, ಇಪ್ಪತ್ತ ಕಡಬು!" ಎಂದು ಫೋನು ತೆಗೆದ. ಹುಡುಗರು ಸೀಟಿ ಹೊಡೆದರು. ಕಡಬಿನ ಬುಟ್ಟಿ ಹಿಡಿದು ಬಡಿಸುತ್ತ ಬಂದ ಸುಮಿತ್ರವ್ವ ಅವನ ಎಲೆಯ ಮುಂದೆ ನಿಂತಳು.

"ನನಗ ಅನ್ನ ಸಾರ ಸಾಕು," ಎಂದ ತಿರಕಪ್ಪ ತಲೆ ಎತ್ತದೆ.

"ತಿರಕಪ್ಪಗ ಹಸಿವಿಲ್ಲಂತ! ಇದನ್ನ ವಿಡಿಯೊ ಮಾಡ್ರ್ಯೋ!" ಎಂದು ಅಬ್ದುಲಗನಿ ಆಚೆ ತುದಿಯಿಂದ ಕೂಗಿದ. ಎಲ್ಲರೂ ನಕ್ಕರು. ಸುಮಿತ್ರವ್ವ ಮುಂದಿನ ಎಲೆಗೆ ಹೋದಳು.

ಬೀಗರು ಮುಂಡರಗಿಗೆ ಹೊರಟಾಗ ಬಿಸಿಲು ಇಳಿದಿತ್ತು. ಅಬ್ದುಲಗನಿ ಬೇವಿನ ನೆರಳಲ್ಲಿ ಟಂಟಂ ತಿರುಗಿಸಿ ನಿಲ್ಲಿಸಿದ. ತಿರಕಪ್ಪ ಖಾಲಿ ಬುಟ್ಟಿ ಕೇಳಲೆಂದು ಅಡುಗೆಮನೆಯ ಬಾಗಿಲಿಗೆ ಬಂದ. ಒಳಗೆ ಸುಮಿತ್ರವ್ವ ಒಬ್ಬಳೇ ಕೂತಿದ್ದಳು. ಮುಂದೆ ತಾಟು, ತಾಟಿನಲ್ಲಿ ಉಳಿದ ಒಂದೇ ಕಡಬು. ಅವಳಿನ್ನೂ ಉಂಡಿರಲಿಲ್ಲ.

"ಬರ್ರಿ ಇಲ್ಲೆ. ಕುಂಡ್ರಿ," ಎಂದಳು.

ಕೂತ. ಅವನಿಗೆ ಗೊತ್ತಿತ್ತು, ಒಂದಲ್ಲ ಒಂದು ದಿನ ಅವಳು ಕೇಳುತ್ತಾಳೆ ಎಂದು. ಯಾಕೆ ತಿಂದೆ ಎಂದರೆ ಏನನ್ನಬೇಕು, ಅವ್ವನಿಗೆ ಏನು ಹೇಳಿದೆ ಎಂದರೆ ಏನನ್ನಬೇಕು, ಮಗ್ಗದ ಮುಂದೆ ಕೂತು ಎಷ್ಟೋ ಸಲ ಹೊಂದಿಸಿಕೊಂಡಿದ್ದ. ಕಾಲು ಹಿಡಿಯುವುದೂ ಅದರಲ್ಲಿತ್ತು.

"ಒಂದ ಮಾತ ಕೇಳಬೇಕಂತ ಇಷ್ಟ ವರ್ಷ ಇಟ್ಕೊಂಡು ಕುಂತೀನಿ," ಎಂದಳು ಸುಮಿತ್ರವ್ವ. "ಅವ್ವನ ಕಡಬು ಹೆಂಗಿದ್ದುವು?"

ತಿರಕಪ್ಪ ಬಾಯಿ ತೆರೆದ. ಚಲೋ ಇದ್ದುವು ಅನ್ನಬಹುದಿತ್ತು. ಅಷ್ಟೇ ಸಾಕಾಗಿತ್ತೇನೋ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು, ಅಂದು ಬುಟ್ಟಿಯ ಅರಿವೆ ಸರಿಸುವ ಮುಂಚೆ ಇದ್ದ ಮುಖವನ್ನೇ ಹೊತ್ತು. ಚಹಾದಂಗಡಿಯಲ್ಲಿ ಕೂತಿದ್ದ ಬಾಂಕು ಅವನಿಗೆ ನೆನಪಿತ್ತು. ಚಪ್ಪಾಳೆ ನೆನಪಿತ್ತು. ಬಿಸಿಯಾದ ಕಿವಿ, ಎದೆಯಲ್ಲಿ ಸಿಕ್ಕಿ ನಿಂತ ಮೂವತ್ತನೆಯದು, ಸ್ಟೀಲಿನ ವಾಟೆಯ ನೀರು, ಎಲ್ಲ ನೆನಪಿತ್ತು.

"ಗೊತ್ತಿಲ್ಲ ತಂಗಿ," ಎಂದ. "ಜಲ್ದಿ ಇಳೀಲಿ ಅಂತ ನೀರಾಗ ತೊಯ್ಸಿ ತೊಯ್ಸಿ ನುಂಗಿದೆ. ರುಚಿ ಹತ್ತಲಿಲ್ಲ."

"ಒಂದರದೂ?"

"ಒಂದರದೂ."

ಸುಮಿತ್ರವ್ವ ತಾಟನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊರಗೆ ಶೃತಿಯ ಬಳೆಯ ಸದ್ದು ಬಂದು ಹೋಯಿತು.

"ನನ್ನ ಪಾಲಿಂದು ನೀ ತಿಂದಿ, ಅಕಿ ಕೈರುಚಿ ನಿನ್ನ ನಾಲಿಗಿ ಮ್ಯಾಲರ ಐತಿ ಅಂತ ತಿಳಕೊಂಡಿದ್ದೆ," ಎಂದಳು. "ಸಿಟ್ಟೂ ಅದಕ್ಕ ಇತ್ತು. ಸಮಾಧಾನನೂ ಅದಕ್ಕ ಇತ್ತು."



ಅವಳು ಕಡಬನ್ನು ಎತ್ತಿ ಬೆಳಕಿಗೆ ಹಿಡಿದಳು. ಅಂಚು ಅಚ್ಚಿನಲ್ಲಿ ಒತ್ತಿದ್ದು, ಸಾಲಾಗಿ, ಒಂದೇ ಸಮ. "ಅವ್ವ ಅಚ್ಚು ಮುಟ್ಟತಿರಲಿಲ್ಲ. ಬೆರಳಿಲೆ ಮುರಿಗಿ ಹಾಕತಿದ್ಲು, ಹಗ್ಗ ಹೊಸದಂಗ. ಆ ಮುರಿಗಿ ಕರಂಕರಂ ಅಂತಿತ್ತು. ಹೂರಣಕ್ಕ ಗಸಗಸಿ ಹುರದು ಹಾಕತಿದ್ಲು. ಕಡೀಕ ಒಂದ ಚಿಟಿಕಿ ಉಪ್ಪು. ಬೆಲ್ಲ ಆ ಮ್ಯಾಲ ನಾಲಿಗಿಗೆ ಬರತಿತ್ತು, ಸಾವಕಾಶ." ಹೇಳುತ್ತ ಹೇಳುತ್ತ ಅವಳ ಬೆರಳು ಅಂಚಿನ ಮೇಲೆ ಇಲ್ಲದ ಮುರಿಗೆಯನ್ನು ಮಡಚುತ್ತ ಹೋಯಿತು. ತಿರಕಪ್ಪನ ಬಾಯಲ್ಲಿ ನೀರೂರಿತು.

ಸುಮಿತ್ರವ್ವ ಕಡಬನ್ನು ಎರಡು ತುಂಡು ಮಾಡಿದಳು. ಒಂದನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ತಾಟಿನಲ್ಲಿಟ್ಟು ಅವನ ಕಡೆ ಸರಿಸಿದಳು.

"ತಿನ್ನು," ಎಂದಳು.

ಅವನು ಒಂದು ತುದಿ ಮುರಿದು ಬಾಯಿಗಿಟ್ಟುಕೊಂಡ. ಪಂಥದ ಮೊದಲ ತುತ್ತಿಗೆ ಮುಚ್ಚುವಂತೆಯೇ ಕಣ್ಣು ಮುಚ್ಚಿದ. ಹೊರಗೆ ಅಬ್ದುಲಗನಿ ಎರಡು ಸಲ ಹಾರ್ನು ಹೊಡೆದ. ಕೆರೆಯ ಕಡೆಯಿಂದ ಹಕ್ಕಿಗಳ ಹಿಂಡು ಎದ್ದು, ಕೊಕ್ ಕೊಕ್ ಎನ್ನುತ್ತ ಮನೆಯ ಮೇಲಿಂದ ಕಡಲೆ ಹೊಲಗಳ ಕಡೆ ಹೋಯಿತು.

"ಯಾಲಕ್ಕಿ ಜಾಸ್ತಿ ಆಗೈತಿ," ಎಂದಳು ಸುಮಿತ್ರವ್ವ, ಅಗಿಯುತ್ತ.

"ಹೂಂ," ಎಂದ.

"ವೈನಿ ಉಪ್ಪ ಹಾಕೂದ ಬಿಟ್ಟಾಳ."

"ಹೂಂ."

ಮತ್ತೆ ಹಾರ್ನು ಕೇಳಿಸಿತು. ಇಬ್ಬರೂ ಏಳಲಿಲ್ಲ. ಒಲೆಯಲ್ಲಿ ಕೆಂಡ ಬೂದಿ ಹೊದೆಯುತ್ತಿತ್ತು. ತಿರಕಪ್ಪನ ದವಡೆ ನಿಧಾನಕ್ಕೆ ಆಡುತ್ತಿತ್ತು. ಅವನ ಮುಂದಿನ ತಾಟಿನಲ್ಲಿ ಅರ್ಧ ಕಡಬಿನ ಅರ್ಧ ಇನ್ನೂ ಹಾಗೇ ಇತ್ತು.